ದೊಡ್ಡವಳ ಭಿನ್ನರಾಶಿ, ಚಿಕ್ಕವನ ಮಂಡಕ್ಕಿ

ಮಕ್ಕಳನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಓದಿಸಬೇಕು ಅಂದುಕೊಂಡವರು ಮೊದಲು ಕೇಳುವುದು ಸಿಲೆಬಸ್ ಬಗ್ಗೆ, ಆಮೇಲೆ ಪರೀಕ್ಷೆ ಬಗ್ಗೆ. ಓದಿಸಲು ಕೂತು ಒಂದು ವಾರವಾದ ಮೇಲೆ ಪ್ರಶ್ನೆ ಒಂದೇ ಉಳಿಯುತ್ತದೆ: ದೊಡ್ಡ ಮಗುವಿಗೆ ಪಾಠ ಹೇಳುವಾಗ ಈ ಚಿಕ್ಕದನ್ನು ಏನು ಮಾಡಲಿ?

ಏನಾದರೂ ಆಟದ ಸಾಮಾನು ಕೊಟ್ಟು ಕೂರಿಸಿ ಅನ್ನುತ್ತಾರೆ. ಅದು ಅರ್ಧ ಸರಿ. ಮೂರು ವರ್ಷದ ಮಗು ಒಂದು ಆಟದಲ್ಲಿ ತಾನಾಗಿ ಕೂರುವುದು ಹತ್ತು ನಿಮಿಷ, ಬಹಳವೆಂದರೆ ಹದಿನೈದು. ಅದಕ್ಕಾಗಿ ನಲವತ್ತು ನಿಮಿಷದ ಆಟ ಹುಡುಕುತ್ತಾ ಹೋದರೆ ಅಂಗಡಿಯವರಿಗೆ ಲಾಭ, ಅಷ್ಟೇ. ಕತ್ತರಿಸಬೇಕಾದ್ದು ದೊಡ್ಡ ಮಗುವಿನ ಪಾಠವನ್ನು. ನಲವತ್ತು ನಿಮಿಷದ ಪಿರಿಯಡ್ಡು ತುಂಬಿದ ಕ್ಲಾಸಿನ ಲೆಕ್ಕ. ಹಾಜರಿ ಕೂಗುವುದು, ಹೋಂವರ್ಕ್ ನೋಡುವುದು, ಹಿಂದಿನ ಬೆಂಚಿನ ಗಲಾಟೆ ಅಡಗಿಸುವುದು ಎಲ್ಲ ಅದರೊಳಗೇ ಬರುತ್ತದೆ. ಎದುರಿಗೆ ಒಂದೇ ಮಗು ಇದ್ದಾಗ ಹೊಸ ವಿಷಯವೊಂದನ್ನು ಹೇಳಲು ಎಂಟು-ಹತ್ತು ನಿಮಿಷ ಸಾಕು. ಉಳಿದದ್ದು ಅಭ್ಯಾಸ, ಅದಕ್ಕೆ ಪಕ್ಕದಲ್ಲಿ ಅಮ್ಮ ಕೂತಿರಬೇಕಿಲ್ಲ.

3/4 ಮತ್ತು 1/6 ಕೂಡಿಸುವ ಲೆಕ್ಕವನ್ನೇ ತೆಗೆದುಕೊಳ್ಳಿ. ಒಂದೇ ಪಟ್ಟಿನಲ್ಲಿ ಹೇಳಲು ಹೊರಟರೆ ಅರ್ಧ ಗಂಟೆ, ನಡುವೆ ನಾಲ್ಕು ಸಲ ‘ಅಮ್ಮಾ ಸುಸ್ಸೂ’. ಇದನ್ನು ಮೂರು ತುಂಡು ಮಾಡಿ. ಮೊದಲ ತುಂಡು: ಛೇದ ಬೇರೆ ಬೇರೆ ಇದ್ದಾಗ ಯಾಕೆ ಹಾಗೇ ಕೂಡಿಸಲು ಬರುವುದಿಲ್ಲ. ರೊಟ್ಟಿಯಷ್ಟಗಲದ ಎರಡು ಕಾಗದದ ಚಕ್ರ ಕತ್ತರಿಸಿ, ಒಂದನ್ನು ನಾಲ್ಕು ಪಾಲು, ಇನ್ನೊಂದನ್ನು ಆರು ಪಾಲು ಮಾಡಿ ಪಕ್ಕಪಕ್ಕ ಇಟ್ಟರೆ ತುಣುಕುಗಳ ಗಾತ್ರವೇ ಬೇರೆ ಎಂದು ಕಣ್ಣಿಗೇ ಕಾಣುತ್ತದೆ. ಎಂಟು ನಿಮಿಷ. ಎರಡನೆಯದು: 4, 8, 12 ಒಂದು ಸಾಲು, 6, 12 ಇನ್ನೊಂದು ಸಾಲು, ಎರಡರಲ್ಲೂ ಸಿಕ್ಕಿದ 12. ಐದು ನಿಮಿಷ. ಮೂರನೆಯದು: 9/12 ಮತ್ತು 2/12 ಸೇರಿ 11/12, ಆಮೇಲೆ ಇನ್ನೊಂದು ಲೆಕ್ಕ ಜೊತೆಯಲ್ಲಿ, ಆಮೇಲೆ ಐದು ಲೆಕ್ಕ ಅವಳೊಬ್ಬಳೇ. ಪ್ರತಿ ತುಂಡಿನ ಕೊನೆಯಲ್ಲೂ ಎದ್ದು ಹೋದರೆ ನಷ್ಟವಿಲ್ಲದ ಜಾಗವೊಂದಿದೆ, ನೋಡಿ. ಹಿಂದಿನ ರಾತ್ರಿ ಪಾಠ ಓದುವಾಗ ಆ ಜಾಗಗಳಿಗೆ ಪೆನ್ಸಿಲ್ಲಲ್ಲಿ ಗೆರೆ ಹಾಕಿಡುವುದೇ ನಿಮ್ಮ ತಯಾರಿಯ ಮುಖ್ಯ ಭಾಗ.

ಎದ್ದು ಹೋಗಿ ಬರಲು ಎರಡೇ ನಿಮಿಷ. ಬಂದ ಮೇಲೆ ‘ಎಲ್ಲಿದ್ವಿ?’ ಎಂದು ಮತ್ತೆ ಮೊದಲಿಂದ ಶುರು ಮಾಡುವುದಿದೆಯಲ್ಲ, ಸಮಯ ತಿನ್ನುವುದು ಅದೇ. ಹಾಗಾಗಿ ನೀವು ಎದ್ದ ತಕ್ಷಣ ದೊಡ್ಡವಳು ಪುಸ್ತಕದ ಅಂಚಿನಲ್ಲಿ ಒಂದು ಸಾಲು ಬರೆಯಬೇಕು: ‘12 ಸಿಕ್ತು, ಇನ್ನು ಅಂಶ ಬದಲಾಯಿಸಬೇಕು.’ ಹತ್ತು ವರ್ಷ ದಾಟಿದ ಮಕ್ಕಳು ಒಂದು ವಾರದಲ್ಲಿ ಇದನ್ನು ರೂಢಿ ಮಾಡಿಕೊಳ್ಳುತ್ತಾರೆ. ಜೊತೆಗೆ ಇನ್ನೊಂದು ಕಟ್ಟಳೆ: ಲೆಕ್ಕ ಎಲ್ಲೋ ಸಿಕ್ಕಿಕೊಂಡಿತು ಅಂದರೆ ಕೂಡಲೇ ಕೂಗುವಂತಿಲ್ಲ. ಮೊದಲು ಬಿಡಿಸಿರುವ ಉದಾಹರಣೆ ನೋಡು, ಆಮೇಲೆ ನಿನ್ನೆಯ ನೋಟ್ಸ್ ನೋಡು, ಆಗಲೂ ಆಗದಿದ್ದರೆ ಪ್ರಶ್ನಾರ್ಥಕ ಚಿಹ್ನೆ ಹಾಕಿ ಮುಂದಿನದಕ್ಕೆ ಹೋಗು. ಐದರಲ್ಲಿ ಮೂರಕ್ಕೆ ಪ್ರಶ್ನೆ ಬಿದ್ದಿದ್ದರೆ ತಪ್ಪು ನಿಮ್ಮ ಪಾಠದ್ದು, ಮರುದಿನ ಮತ್ತೆ ಹೇಳಿ.

ಇನ್ನು ಚಿಕ್ಕದರ ಸರದಿ. ಎಲ್ಲರೂ ಮಾಡುವುದು ದೊಡ್ಡವರ ಪಾಠ ಮುಗಿಸಿ ಆಮೇಲೆ ಚಿಕ್ಕದನ್ನು ಎತ್ತಿಕೊಳ್ಳುವುದು. ಇದು ಉಲ್ಟಾ ಆಗಬೇಕು. ತಿಂಡಿ ಆದ ಮೇಲೆ ಮೊದಲ ಹದಿನೈದು ನಿಮಿಷ ಪೂರ್ತಿ ಚಿಕ್ಕದಕ್ಕೆ ಕೊಡಿ. ತೊಡೆ ಮೇಲೆ ಕೂರಿಸಿಕೊಂಡು ಒಂದು ಚಿತ್ರದ ಪುಸ್ತಕ, ಒಂದು ಹಾಡು. ಫೋನು ಬೇರೆ ಕೋಣೆಯಲ್ಲಿರಲಿ. ಹೊಟ್ಟೆ ಮತ್ತು ಮಡಿಲು ಎರಡೂ ತುಂಬಿದ ಮಗು ಬಿಟ್ಟು ಕೂರುತ್ತದೆ, ಖಾಲಿ ಇರುವುದು ಸೆರಗು ಹಿಡಿದೇ ಇರುತ್ತದೆ. ಆ ಹದಿನೈದು ನಿಮಿಷದಲ್ಲಿ ದೊಡ್ಡವಳಿಗೆ ತಾನೇ ಮಾಡುವ ಕೆಲಸವಿರಲಿ: ಕಾಪಿ, ಮಗ್ಗಿ ಬರೆಯುವುದು, ನಿನ್ನೆಯ ತಪ್ಪು ತಿದ್ದುವುದು.

‘ಹತ್ತು ನಿಮಿಷ ಸುಮ್ಮನಿರು’ ಅಂದರೆ ಮೂರು ವರ್ಷದವನಿಗೆ ಏನೂ ಅರ್ಥವಾಗುವುದಿಲ್ಲ. ಗೋಡೆ ಗಡಿಯಾರದ ಗಾಜಿನ ಮೇಲೆ ಹಣೆಗಿಡುವ ಕೆಂಪು ಸ್ಟಿಕ್ಕರ್ ಒಂದನ್ನು ಅಂಟಿಸಿ. ಉದ್ದ ಮುಳ್ಳು ಸ್ಟಿಕ್ಕರ್ ಮುಟ್ಟಿದಾಗ ಅಮ್ಮ ಬರುತ್ತಾಳೆ. ಮೊದಲ ದಿನ ಐದು ನಿಮಿಷದ ದೂರಕ್ಕೆ ಅಂಟಿಸಿ, ಅದು ಒಗ್ಗಿದ ಮೇಲೆ ಹತ್ತು. ಮುಳ್ಳು ಮುಟ್ಟಿದಾಗ ಲೆಕ್ಕ ಅರ್ಧಕ್ಕಿದ್ದರೂ ನೀವು ಎದ್ದು ಬರಲೇಬೇಕು. ಎರಡು ಸಲ ತಪ್ಪಿದರೆ ಆ ಸ್ಟಿಕ್ಕರ್‌ಗೆ ಮತ್ತೆ ಬೆಲೆಯಿಲ್ಲ.

ಆಟದ ಸಾಮಾನಿಗೆ ಐದು ಬಟ್ಟೆ ಚೀಲ ಸಾಕು, ಸೋಮವಾರದಿಂದ ಶುಕ್ರವಾರಕ್ಕೆ ಒಂದೊಂದು. ಪಾಠದ ಹೊತ್ತಿನಲ್ಲಿ ಮಾತ್ರ ಗೂಟದಿಂದ ಇಳಿಸಿ, ಮುಗಿದ ಕೂಡಲೇ ಮೇಲಕ್ಕೆ ಏರಿಸಿ. ಇಡೀ ದಿನ ಕೈಗೆ ಸಿಗುವ ಸಾಮಾನಿಗೆ ಮೂರನೇ ದಿನಕ್ಕೇ ಬೇಜಾರು ಬರುತ್ತದೆ. ವಾರಕ್ಕೊಮ್ಮೆ ಕಂಡರೆ ಅದೇ ಸಾಮಾನು ಎರಡು ತಿಂಗಳು ಬಾಳುತ್ತದೆ. ಒಂದರಲ್ಲಿ ಬಟ್ಟೆ ಕ್ಲಿಪ್ಪು ಇಪ್ಪತ್ತು ಮತ್ತು ಒಂದು ರಟ್ಟಿನ ಡಬ್ಬ. ಇನ್ನೊಂದರಲ್ಲಿ ಬೇರೆ ಬೇರೆ ಅಳತೆಯ ಸ್ಟೀಲ್ ಡಬ್ಬಿ, ಅವುಗಳ ಮುಚ್ಚಳ. ಮತ್ತೊಂದರಲ್ಲಿ ಹಳೇ ಲಗ್ನಪತ್ರಿಕೆ, ಮೊಂಡು ಕತ್ತರಿ. ಉಳಿದೆರಡು ಮಂಡಕ್ಕಿ ಮತ್ತು ಹಿಟ್ಟು, ಅವುಗಳ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು.

ದಾವಣಗೆರೆಯಲ್ಲಿದ್ದು ಮಂಡಕ್ಕಿಗೆ ಬರವೇ? ಭಟ್ಟಿಯಿಂದ ಹೊಸದಾಗಿ ಬಂದ, ಒಗ್ಗರಣೆ ಹಾಕದ ಮಂಡಕ್ಕಿ ಎರಡು ಸೇರು, ಒಂದು ಅಗಲದ ಬುಟ್ಟಿ, ಒಂದು ಪಾವು, ಒಂದು ಸೇರು. ಚಿಕ್ಕವನು ಪಾವಿನಲ್ಲಿ ತುಂಬಿ ಸೇರಿಗೆ ಸುರಿಯುತ್ತಾನೆ; ನಾಲ್ಕು ಪಾವಿಗೆ ಸೇರು ತುಂಬುವುದನ್ನು ಯಾರೂ ಹೇಳಿಕೊಡಬೇಕಿಲ್ಲ. ಅದೇ ಹೊತ್ತಿಗೆ ದೊಡ್ಡವಳಿಗೆ ಸಾಂದ್ರತೆಯ ಪಾಠ ಮಾಡಬಹುದು. ಅಡುಗೆಮನೆಯ ತಕ್ಕಡಿಯಲ್ಲಿ ಒಂದು ಲೀಟರ್ ಪಾತ್ರೆ ಅಕ್ಕಿ ತೂಗಿದರೆ 800 ಗ್ರಾಂ ಆಸುಪಾಸು, ಅದೇ ಪಾತ್ರೆ ಮಂಡಕ್ಕಿ 100 ಗ್ರಾಂ ಆಸುಪಾಸು. ಅಕ್ಕಿ ಕಾದ ಮರಳಿನಲ್ಲಿ ಬಿದ್ದಾಗ ಒಳಗಿನ ನೀರಿನಂಶ ಹಬೆಯಾಗಿ ಕಾಳನ್ನು ಉಬ್ಬಿಸುತ್ತದೆ, ಕಾಳೊಳಗೆ ಗಾಳಿಯ ಗೂಡುಗಳಾಗುತ್ತವೆ. ಮಂಡಕ್ಕಿಯನ್ನು ಅಡ್ಡ ಮುರಿದು ಭೂತಗನ್ನಡಿಯಲ್ಲಿ ನೋಡಿದರೆ ಆ ಗೂಡು ಕಾಣುತ್ತದೆ. ಇಷ್ಟಾದ ಮೇಲೆ ರಾಶಿ ಭಾಗಿಸು ಗಾತ್ರ ಎಂಬ ಸೂತ್ರ ಬರೆದರೆ ಉರು ಹೊಡೆಯುವ ಪ್ರಮೇಯ ಬರುವುದಿಲ್ಲ.

ಎಡವಟ್ಟಾಗುವುದು ಫ್ಯಾನಿನಿಂದ. ಮಂಡಕ್ಕಿ ಆಟಕ್ಕೆ ಕೂರಿಸುವ ಮೊದಲು ಫ್ಯಾನ್ ಆರಿಸಿ, ಇಲ್ಲವಾದರೆ ಮಂಚದ ಕೆಳಗಿನಿಂದ ದೇವರಮನೆವರೆಗೂ ಗುಡಿಸುತ್ತೀರಿ. ಕೆಳಗೆ ಹಳೇ ಬೆಡ್‌ಶೀಟ್ ಹಾಸಿ, ಮುಗಿದ ಮೇಲೆ ನಾಲ್ಕು ಮೂಲೆ ಎತ್ತಿ ಬುಟ್ಟಿಗೆ ಸುರಿಯಿರಿ. ಆಡಿದ ಮಂಡಕ್ಕಿಯನ್ನು ಬೇರೆ ಡಬ್ಬದಲ್ಲಿಟ್ಟು ನಾಲ್ಕು ವಾರ ಬಳಸಬಹುದು. ಮಳೆಗಾಲದಲ್ಲಿ ಮೆತ್ತಗಾಗಿ ಅಂಟುತ್ತದೆ. ಬಾಣಲೆಯಲ್ಲಿ ಸಣ್ಣ ಉರಿಗೆ ಎರಡು ನಿಮಿಷ ಆಡಿಸಿದರೆ ಮತ್ತೆ ಗರಿಗರಿ.

ಹಿಟ್ಟಿನ ಅಳತೆ ಹೀಗೆ: ಮೈದಾ ಎರಡು ಲೋಟ, ಪುಡಿ ಉಪ್ಪು ಒಂದು ಲೋಟ, ಅಡುಗೆ ಎಣ್ಣೆ ಎರಡು ದೊಡ್ಡ ಚಮಚ, ಉಗುರುಬೆಚ್ಚಗಿನ ನೀರು ಮುಕ್ಕಾಲು ಲೋಟ. ನೀರನ್ನು ಒಂದೇ ಸಲ ಸುರಿಯಬೇಡಿ. ಚಪಾತಿ ಹಿಟ್ಟಿಗಿಂತ ತುಸು ಗಟ್ಟಿ ಬಂದಾಗ ನಿಲ್ಲಿಸಿ ಐದು ನಿಮಿಷ ನಾದಿ. ಕಲ್ಲುಪ್ಪು ಹಾಕಿದರೆ ಕರಗದೆ ಕೈಗೆ ಚುಚ್ಚುತ್ತದೆ. ಬಣ್ಣಕ್ಕೆ ಬೀಟ್‌ರೂಟ್ ರಸ ಹಾಕುವುದಾದರೆ ಅಷ್ಟು ನೀರು ಕಡಿಮೆ ಮಾಡಿ. ಬಿಗಿ ಮುಚ್ಚಳದ ಡಬ್ಬದಲ್ಲಿ ಹತ್ತು ದಿನ ಇರುತ್ತದೆ. ಮಳೆಗಾಲದಲ್ಲಿ ಉಪ್ಪು ಗಾಳಿಯ ತೇವ ಎಳೆದುಕೊಂಡು ಜಿಗುಟಾಗುತ್ತದೆ, ಒಂದು ಹಿಡಿ ಮೈದಾ ಸೇರಿಸಿ ನಾದಿದರೆ ಸರಿಹೋಗುತ್ತದೆ. ನಾಲಿಗೆಗೆ ತಾಗಿಸಿದ ಮಗು ಎರಡನೇ ಸಲ ತಾಗಿಸುವುದಿಲ್ಲ, ಅಷ್ಟು ಉಪ್ಪು. ಆದರೂ ನುಂಗಿಬಿಡುವ ವಯಸ್ಸಿನ ಮಗುವಿಗೆ ಇದು ಬೇಡ, ಮಾಮೂಲಿ ಚಪಾತಿ ಹಿಟ್ಟಿನ ಉಂಡೆ ಕೊಡಿ. ನಾಯಿ-ಬೆಕ್ಕಿನ ಬಾಯಿಗೂ ಸಿಗಬಾರದು, ಅಷ್ಟು ಉಪ್ಪು ಅವುಗಳಿಗೆ ವಿಷವಾಗುತ್ತದೆ.

ಹಿಟ್ಟಿಗೆ ಅರಿಶಿನ ಹಾಕಬೇಡಿ ಎಂದು ಕೆಲವರು ಹೇಳುವುದು ಕಲೆಯಾಗುತ್ತದೆಂದು. ಆ ಕಲೆಯಿಂದಲೇ ಒಂದು ಪಾಠ ಹುಟ್ಟುತ್ತದೆ. ಒಂದು ಚಮಚ ಅರಿಶಿನಕ್ಕೆ ನಾಲ್ಕು ಚಮಚ ನೀರು ಕಲಸಿ ಬಿಳಿ ಹಾಳೆಗೆ ತೆಳ್ಳಗೆ ಬಳಿದು ಅರ್ಧ ಗಂಟೆ ನೆರಳಲ್ಲಿ ಒಣಗಿಸಿ. ಪುಡಿ ಉದುರದಂತೆ ಒಣ ಬಟ್ಟೆಯಲ್ಲಿ ಒಮ್ಮೆ ಒರೆಸಿ. ಚಿಕ್ಕವನಿಗೆ ಒಂದು ಪೂರ್ತಿ ಹಾಳೆ, ಒಂದು ಇಯರ್‌ಬಡ್, ಬಟ್ಟಲಲ್ಲಿ ಬಟ್ಟೆ ಸೋಪಿನ ನೀರು. ಹಳದಿ ಮೇಲೆ ಎಳೆದ ಗೆರೆ ಕಣ್ಣೆದುರೇ ಕೆಂಪಾಗುತ್ತದೆ, ಹದಿನೈದು ನಿಮಿಷ ನಿಮ್ಮದು. ದೊಡ್ಡವಳಿಗೆ ಅದೇ ಹಾಳೆಯ ಪಟ್ಟಿಗಳು: ನಿಂಬೆರಸ, ಹುಣಸೆ ನೀರು, ಸೋಪಿನ ನೀರು, ವಾಷಿಂಗ್ ಸೋಡಾ, ಬರೀ ನೀರು. ಯಾವುದು ಕೆಂಪಾಯಿತು, ಯಾವುದು ಹಾಗೇ ಉಳಿಯಿತು ಎಂದು ಪಟ್ಟಿ ಬರೆದು, ಕೆಂಪಾದದ್ದರ ಮೇಲೆ ನಿಂಬೆರಸ ಬಿಟ್ಟು ಮತ್ತೆ ಹಳದಿ ತರಿಸಲಿ. ಆಮ್ಲ–ಪ್ರತ್ಯಾಮ್ಲದ ಅರ್ಧ ಪಾಠ ಅಲ್ಲಿಗೆ ಮುಗಿಯಿತು. ಆರತಿಯ ಓಕುಳಿ ನೀರು ಕೆಂಪಾಗುವುದೂ ಅರಿಶಿನಕ್ಕೆ ಸುಣ್ಣ ಸೇರಿ ಎಂದು ಅಜ್ಜಿ ಹೇಳಿದರೆ ಇನ್ನೂ ಚೆನ್ನ. ಆದರೆ ಸುಣ್ಣ ದೊಡ್ಡವರ ಕೈಯಲ್ಲೇ ಇರಬೇಕು. ಕಣ್ಣಿಗೆ ಹಾರಿದರೆ ಸುಟ್ಟುಬಿಡುತ್ತದೆ. ಹಾಗೇನಾದರೂ ಆದರೆ ಕೂಡಲೇ ಧಾರೆ ನೀರಿನಲ್ಲಿ ಕಾಲು ಗಂಟೆಗೂ ಹೆಚ್ಚು ತೊಳೆದು ಆಸ್ಪತ್ರೆಗೆ ಓಡಬೇಕು. ಬಣ್ಣ ಬರಲಿಲ್ಲ ಎಂಬ ದೂರು ಪಾತ್ರೆ ತೊಳೆಯುವ ಜೆಲ್ ಬಳಸಿದವರದು; ಅವುಗಳಲ್ಲಿ ಹಲವು ಹೆಚ್ಚುಕಡಿಮೆ ತಟಸ್ಥ. ಬಟ್ಟೆ ಒಗೆಯುವ ಬಾರ್ ಸೋಪೇ ಬೇಕು.

ಬಾಯಿಗೆ ಹಾಕುವ ವಯಸ್ಸಿನ ಬಗ್ಗೆ ಇನ್ನಷ್ಟು ಗಟ್ಟಿಯಾಗಿ ಹೇಳಬೇಕು. ಚಳ್ಳಕೆರೆ ಕಡೆ ಶೇಂಗಾ, ದಾವಣಗೆರೆ ಕಡೆ ಮೆಕ್ಕೆಜೋಳ ಮನೆಮನೆಯಲ್ಲೂ ಇರುತ್ತವೆ. ಶೇಂಗಾ ಸುಲಿಯುವುದು, ತೆನೆ ಬಿಡಿಸುವುದು ಬೆರಳಿಗೆ ಒಳ್ಳೆ ಕೆಲಸವೇ, ಆದರೆ ನಾಲ್ಕು ವರ್ಷ ತುಂಬಿದವರಿಗೆ. ಅದಕ್ಕಿಂತ ಚಿಕ್ಕವರಿಗೆ ಗಟ್ಟಿ ಬೀಜವನ್ನು ಸರಿಯಾಗಿ ಅರೆದು ನುಂಗಲು ಬರುವುದಿಲ್ಲ. ನಗುತ್ತಲೋ ಓಡುತ್ತಲೋ ಇದ್ದಾಗ ಬೀಜ ಶ್ವಾಸನಾಳಕ್ಕೆ ಇಳಿಯುತ್ತದೆ. ಆಡುತ್ತಿದ್ದ ಮಗು ಇದ್ದಕ್ಕಿದ್ದಂತೆ ಕೆಮ್ಮಿ, ಆಮೇಲೆ ಉಸಿರಿನಲ್ಲಿ ಸಿಳ್ಳೆಯಂಥ ಸದ್ದು ಬಂದರೆ, ಕೆಮ್ಮು ನಿಂತರೂ ಆಸ್ಪತ್ರೆಗೆ ಹೋಗಲೇಬೇಕು. ಗಂಟಲಿಗೆ ಬೆರಳು ಹಾಕಿ ತೆಗೆಯಲು ಹೋದರೆ ಇನ್ನೂ ಒಳಕ್ಕೆ ತಳ್ಳುತ್ತೀರಿ. ಹತ್ತು ರೂಪಾಯಿ ನಾಣ್ಯದ ಅಗಲ 27 ಮಿಲಿಮೀಟರ್. ಅದಕ್ಕಿಂತ ಸ್ವಲ್ಪವಾದರೂ ದೊಡ್ಡದಾಗಿ ಕಾಣದ ಯಾವ ಸಾಮಾನೂ ಮೂರು ವರ್ಷದೊಳಗಿನವರ ಚೀಲದಲ್ಲಿ ಇರಬಾರದು. ಅಳಗುಳಿ ಮಣೆಯ ಹುಣಸೆಬೀಜವೂ ಇದೇ ಲೆಕ್ಕಕ್ಕೆ ಬರುತ್ತದೆ. ಬಟನ್ ಸೆಲ್ ಇರುವ ಆಟಿಕೆಯಂತೂ ಮನೆಯೊಳಗೇ ಬೇಡ.

ಮಧ್ಯಾಹ್ನದ ನಿದ್ದೆ ಚಿನ್ನದಂಥ ಸಮಯ, ಅದನ್ನು ಪಾತ್ರೆ ತೊಳೆಯಲು ಖರ್ಚು ಮಾಡಬೇಡಿ. ಪಾತ್ರೆಯನ್ನು ಚಿಕ್ಕದು ಎಚ್ಚರವಿದ್ದಾಗಲೂ ತೊಳೆಯಬಹುದು, ಅದಕ್ಕೊಂದು ಬಕೆಟ್ ನೀರು, ಎರಡು ಸ್ಟೀಲ್ ಲೋಟ ಕೊಟ್ಟರೆ ಅದೂ ತೊಳೆಯುತ್ತದೆ. ನಲ್ಲಿ ನೀರು ಬರುವ ದಿನ ನೋಡಿಕೊಂಡು ನೀರಾಟ ಇಟ್ಟುಕೊಳ್ಳಿ, ಆಡಿದ ನೀರು ಗಿಡಕ್ಕೆ ಹೋಗಲಿ. ಆಟ ಮುಗಿದ ಕ್ಷಣ ಬಕೆಟ್ ಬೋರಲು ಹಾಕಿ, ಗೇಣುದ್ದ ನೀರಿನಲ್ಲೂ ಚಿಕ್ಕ ಮಗು ಮುಳುಗುತ್ತದೆ. ನಿದ್ದೆಯ ಆ ಒಂದೂವರೆ ಗಂಟೆ ನೀವು ಪಕ್ಕದಲ್ಲಿ ಕೂರಲೇಬೇಕಾದ ಪಾಠಕ್ಕೆ ಮೀಸಲು: ಇಂಗ್ಲಿಷ್ ವ್ಯಾಕರಣ, ಪ್ರಬಂಧ, ರೇಖಾಗಣಿತದ ಪ್ರಮೇಯ.

ಮಾರ್ಚ್ ಕೊನೆಯಿಂದ ಮೇವರೆಗೆ ನಮ್ಮ ಕಡೆ ಈ ವೇಳಾಪಟ್ಟಿಯೇ ಬೇರೆ. ಹನ್ನೊಂದರ ಮೇಲೆ ಆರ್‌ಸಿಸಿ ಮನೆಯೊಳಗೆ ದೊಡ್ಡವರ ತಲೆಯೇ ಓಡುವುದಿಲ್ಲ, ಇನ್ನು ಮಕ್ಕಳದ್ದು ಬಿಡಿ. ಬೆಳಿಗ್ಗೆ ಆರೂವರೆಗೆ, ಚಿಕ್ಕದು ಏಳುವ ಮೊದಲೇ, ಲೆಕ್ಕ ಮುಗಿದಿರಬೇಕು. ಹತ್ತಕ್ಕೆ ಪುಸ್ತಕ ಮುಚ್ಚಿ.

ಮೊಬೈಲ್ ಕೊಡಬಾರದೇ? ಎರಡು ವರ್ಷದೊಳಗಿನವರಿಗೆ ಪರದೆ ಬೇಡವೇ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಪಾಠದ ಹೊತ್ತಿಗೆ ದಿನಾ ಕೊಟ್ಟರೆ ಅಕ್ಕ ಪುಸ್ತಕ ತೆಗೆದಳೆಂದರೆ ತಮ್ಮ ಫೋನಿಗೆ ಕೈ ಚಾಚುತ್ತಾನೆ. ದೊಡ್ಡವಳಿಗೆ ಆನ್‌ಲೈನ್ ಟೆಸ್ಟ್ ಇರುವಂಥ ದಿನಕ್ಕೆ ಉಳಿಸಿಕೊಳ್ಳಿ.

ಅಜ್ಜಿ ಮನೆಯಲ್ಲಿದ್ದರೆ ಅದೃಷ್ಟ. ಆದರೆ ‘ಅತ್ತೆ, ಸ್ವಲ್ಪ ಇವನನ್ನ ನೋಡ್ಕೊಳ್ಳಿ’ ಎಂದರೆ ಆ ಸ್ವಲ್ಪಕ್ಕೆ ಆದಿ-ಅಂತ್ಯವಿಲ್ಲ, ಅವರಿಗೂ ಸೊಂಟ ನೋವು ಇರುತ್ತದೆ. ‘ಅತ್ತೆ, ಒಂಬತ್ತರಿಂದ ಒಂಬತ್ತೂವರೆ ಹೂ ಕಟ್ಟೋವಾಗ ಇವನು ನಿಮ್ಮ ಹತ್ರ ಕೂತಿರ್ಲಿ’ ಎಂದರೆ ದಿನಾ ನಡೆಯುತ್ತದೆ.

ಅಕ್ಕನನ್ನೇ ಆಯಾ ಮಾಡುವುದು ಮಾತ್ರ ನನಗೆ ಒಪ್ಪಿಗೆಯಿಲ್ಲ. ಮನೆಯಲ್ಲಿ ಓದುವ ಹುಡುಗಿಯಾದರೆ ಇದು ಇನ್ನೂ ಸಲೀಸಾಗಿ ನಡೆದುಬಿಡುತ್ತದೆ: ಹೇಗೂ ಮನೆಯಲ್ಲೇ ಇದ್ದಾಳಲ್ಲ. ದಿನಕ್ಕೆ ಇಪ್ಪತ್ತು ನಿಮಿಷ, ಅದೂ ಅವಳಿಗೂ ಪ್ರಯೋಜನವಾಗುವ ಕೆಲಸ, ಅಂದರೆ ತಮ್ಮನಿಗೆ ಜೋರಾಗಿ ಕಥೆ ಓದಿ ಹೇಳುವುದು. ಕನ್ನಡದ ಓದು ಸರಾಗವಾಗಲು ಇದಕ್ಕಿಂತ ಒಳ್ಳೆ ಅಭ್ಯಾಸವಿಲ್ಲ. ಅದಕ್ಕಿಂತ ಹೆಚ್ಚು ಕೇಳಿದರೆ ಅದು ಅವಳ ಓದಿನಿಂದ ಕದ್ದ ಸಮಯ. ಅಣ್ಣನಿದ್ದರೆ ಅವನಿಗೂ ಇದೇ ಇಪ್ಪತ್ತು ನಿಮಿಷ, ರಿಯಾಯಿತಿ ಇಲ್ಲ.

ಹದಿನೈದು ದಿನಕ್ಕೊಮ್ಮೆ ಹೊರಗೆ ಹೋಗಿ. ಚಿತ್ರದುರ್ಗದ ಕೋಟೆಗೆ ಬೇಸಿಗೆಯಲ್ಲಿ ಬಾಗಿಲು ತೆರೆದ ಕೂಡಲೇ ಹತ್ತಿ, ಬಂಡೆ ಕಾಯುವ ಮೊದಲು ಇಳಿದುಬಿಡಬೇಕು. ದೊಡ್ಡವಳಿಗೆ ಎರಡೇ ಕೆಲಸ ಕೊಡಿ. ಮೇಲಿನ ಗೋಪಾಲಸ್ವಾಮಿ ಹೊಂಡದ ನೀರು ಅಕ್ಕ-ತಂಗಿಯರ ಹೊಂಡದ ಕಡೆಗೆ ಇಳಿಯುವ ದಾರಿಯ ನಕ್ಷೆ. ಸುಲಿದ ಈರುಳ್ಳಿಯಂತೆ ಪದರ ಎದ್ದ ಬಂಡೆಯೊಂದರ ಚಿತ್ರ, ಶಿಥಿಲೀಕರಣದ ಪಾಠಕ್ಕೆ. ಚಿಕ್ಕವನಿಗೆ ಮೂರು ಬಣ್ಣದ ಮೂರು ಕಲ್ಲು ಹುಡುಕುವ ಕೆಲಸ. ಹೊಂಡದ ಹತ್ತಿರ ಚಿಕ್ಕ ಮಗುವಿನ ಕೈ ಹಿಡಿಯಲೆಂದೇ ಒಬ್ಬ ದೊಡ್ಡವರು ಬೇರೆ ಇರಬೇಕು. ತಿಂಡಿಯ ಕವರ್ ಕೈಯಲ್ಲಿ ಕಂಡರೆ ಕೋತಿಗಳು ಬಿಡುವುದಿಲ್ಲ, ಚೀಲದೊಳಗಿರಲಿ. ಹೈದರಾಲಿ 1779ರಲ್ಲಿ ಕೋಟೆ ಹಿಡಿದದ್ದು, ಓಬವ್ವನ ಕಿಂಡಿ ಎಲ್ಲ ಅಲ್ಲೇ ನಿಂತು ಹೇಳಿದರೆ ಎರಡು ದಿನದ ಇತಿಹಾಸದ ಪಿರಿಯಡ್ಡು ಉಳಿಯುತ್ತದೆ.

ಪರೀಕ್ಷೆಯ ಕಾಗದಪತ್ರಕ್ಕೆ ಬಂದರೆ, ಹತ್ತನೇ ತರಗತಿಗೆ ಎನ್‌ಐಒಎಸ್ (ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ) ಮೂಲಕ ಕೂರುವುದಾದರೆ ಕನಿಷ್ಠ 14 ವರ್ಷ ತುಂಬಿರಬೇಕು. ಐದು ವಿಷಯ, ಅದರಲ್ಲಿ ಒಂದಾದರೂ ಭಾಷೆ. ಕನ್ನಡವೂ ಭಾಷಾ ವಿಷಯವಾಗಿ ಇದೆ. ಪಾಸಾಗಲು ಶೇಕಡಾ 33. ಒಮ್ಮೆ ನೋಂದಣಿಯಾದರೆ ಐದು ವರ್ಷ ಊರ್ಜಿತ, ಅಷ್ಟರಲ್ಲಿ ಒಂಬತ್ತು ಸಲ ಪರೀಕ್ಷೆ ಬರೆಯುವ ಅವಕಾಶ. ಚಿಕ್ಕ ಮಕ್ಕಳಿರುವ ಮನೆಗೆ ಇದರ ಲಾಭ ದೊಡ್ಡದು: ಐದೂ ವಿಷಯ ಒಂದೇ ಸಲ ಬರೆಯಬೇಕೆಂದಿಲ್ಲ, ಎರಡು ಈಗ, ಮೂರು ಆಮೇಲೆ ಮಾಡಬಹುದು. ನಡುವೆ ಶಾಲೆಗೇ ಸೇರಿಸಬೇಕೆನಿಸಿದರೂ ದಾರಿಯಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 6ರಿಂದ 14 ವರ್ಷದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು. ಓದಿದ್ದಕ್ಕೆ ದಾಖಲೆಯಾಗಿ ದಿನಾಂಕ ಹಾಕಿದ ನೋಟ್‌ಬುಕ್ಕುಗಳನ್ನು ತೂಕಕ್ಕೆ ಹಾಕದೆ ಇಟ್ಟುಕೊಳ್ಳಿ.

ಹತ್ತು ನಿಮಿಷದ ತುಂಡಿನಲ್ಲಿ ಕಲಿತ ಮಕ್ಕಳಿಗೆ ಒಂದು ಕೊರತೆ ಉಳಿಯುತ್ತದೆ, ಪರೀಕ್ಷೆಯ ಹೊತ್ತಿಗೆ ಅದು ಕಾಣಿಸಿಕೊಳ್ಳುತ್ತದೆ. ಮೂರು ಗಂಟೆ ಒಂದೇ ಕಡೆ ಕೂತು ಬರೆದು ಗೊತ್ತಿರುವುದಿಲ್ಲ, ಮುಕ್ಕಾಲು ಗಂಟೆಗೆ ಎದ್ದು ನೀರು ಕುಡಿಯಲು ಹೊರಡುತ್ತಾರೆ. ಪರೀಕ್ಷೆಗೆ ನಾಲ್ಕು ತಿಂಗಳು ಇರುವಾಗಲೇ ಭಾನುವಾರ ಬೆಳಿಗ್ಗೆ ಅಪ್ಪ ಚಿಕ್ಕವನನ್ನು ದಾವಣಗೆರೆಯ ಕುಂದವಾಡ ಕೆರೆ ಏರಿಗೋ ಗಾಜಿನ ಮನೆಗೋ ಕರೆದೊಯ್ಯಲಿ. ಹಳೇ ಪ್ರಶ್ನೆಪತ್ರಿಕೆ ಹಿಡಿದು ಮೊದಲ ತಿಂಗಳು ಒಂದು ಗಂಟೆ, ಎರಡನೇ ತಿಂಗಳು ಎರಡು, ಆಮೇಲೆ ಪೂರ್ತಿ ಮೂರು ಗಂಟೆ ಕೂರಿಸಿ. ನೀರಿನ ಬಾಟಲಿ ಮೇಜಿನ ಮೇಲೇ ಇರಲಿ. ನೀವೂ ಆ ಕೋಣೆಯಿಂದ ಹೊರಗಿರಿ.